ಗಡಿಯಾರಕ್ಕೂ ಬೇಕು ಒರೆಗಲ್ಲು

ಅಂಗಡಿಗೆ ಹೋದಾಗ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಡದ ಗೃಹಿಣಿ ವಿರಳ. ಹಾಲಿನವನ ಅಳತೆಯ ಪಾತ್ರೆಯ ತಳ ಉಬ್ಬಿದೆಯೋ ಏನೋ ಎಂದು ಬಗ್ಗಿ ನೋಡುವುದು, ಜವಳಿ ಅಂಗಡಿಯವನು ಮೀಟರು ಕೋಲನ್ನು ಎಲ್ಲಿಂದ ಹಿಡಿದನೆಂದು ಗಮನಿಸುವುದು, ಇವೆಲ್ಲ ಸಂಸಾರವಂದಿಗರಿಗೆ ಯಾರೂ ಹೇಳಿಕೊಡದೆಯೇ ಬರುವ ವಿದ್ಯೆಗಳು. ಆದರೆ ಕಾಲವನ್ನು ಅಳೆದು ಕೊಡುವ ಯಂತ್ರದ ಮೇಲೆ ಮಾತ್ರ ನಮಗೆ ಇಂಥ ಸಂಶಯ ಹುಟ್ಟುವುದಿಲ್ಲ. ಅದು ತೋರಿಸಿದ ಅಂಕಿಯೇ ಸತ್ಯ ಎಂದು ಒಪ್ಪಿಬಿಡುತ್ತೇವೆ. ಅಂಕಿಯ ಮುಂದೆ ಚುಕ್ಕಿಯಿಟ್ಟು ಇನ್ನೆರಡು ಅಂಕಿ ತೋರಿಸಿದರಂತೂ ನಮ್ಮ ನಂಬಿಕೆ ಇಮ್ಮಡಿಯಾಗುತ್ತದೆ.

ಇಂದು ನಮ್ಮ ಸುತ್ತ ಎಷ್ಟು ಕಾಲಮಾಪಕಗಳಿವೆ ಎಂದು ಎಣಿಸಹೊರಟರೆ ಆಶ್ಚರ್ಯವಾದೀತು. ಗೋಡೆಯ ಗಡಿಯಾರ, ಕೈಗಡಿಯಾರಗಳಷ್ಟೇ ಅಲ್ಲ; ಬಟ್ಟೆ ಒಗೆಯುವ ಯಂತ್ರ, ಅಡಿಗೆಮನೆಯ ಮೈಕ್ರೋವೇವ್ ಒಲೆ, ಚೌಕದಲ್ಲಿ ನಿಂತ ಕೆಂಪು ದೀಪ, ಮಕ್ಕಳು ಪರೀಕ್ಷೆ ಬರೆಯುವ ಕಂಪ್ಯೂಟರಿನ ಮೂಲೆಯಲ್ಲಿ ಇಳಿಯುತ್ತ ಹೋಗುವ ಅಂಕಿಗಳು, ಆಸ್ಪತ್ರೆಯಲ್ಲಿ ರೋಗಿಯ ರಕ್ತನಾಳಕ್ಕೆ ಔಷಧವನ್ನು ಅಳೆದು ಬಿಡುವ ಪಂಪು, ಇವೆಲ್ಲದರ ಹೊಟ್ಟೆಯೊಳಗೂ ಒಂದು ಪುಟ್ಟ ಕಂಪ್ಯೂಟರು ಕುಳಿತು ‘ಇಷ್ಟು ಹೊತ್ತಾಯಿತು’ ಎಂದು ಎಣಿಸುತ್ತಿರುತ್ತದೆ. ಅದರ ಎಣಿಕೆ ಸರಿಯೆ? ಸರಿಯೆಂದು ಹೇಳುವವರು ಯಾರು? ಅವರು ಅದನ್ನು ತಿಳಿಯುವುದು ಹೇಗೆ? ಈ ವಾರ ಈ ವಿಷಯವನ್ನು ಕೊಂಚ ವಿಚಾರಿಸೋಣ. ಇದು ಬಿಡುವಿನ ವೇಳೆಯ ಕುತೂಹಲವಷ್ಟೇ ಎಂದು ಓದುಗರು ಎಣಿಸಬಾರದು. ಒಂದು ಸೆಕೆಂಡಿನ ಮೂರನೆಯ ಒಂದು ಪಾಲು ತಪ್ಪಿದುದರಿಂದ 28 ಮಂದಿ ಪ್ರಾಣ ಕಳೆದುಕೊಂಡ ಕಥೆಯೂ ಇದರಲ್ಲಿದೆ.

ಎರಡು ಬೇರೆ ಪ್ರಶ್ನೆಗಳು

‘ಈಗ ಎಷ್ಟು ಗಂಟೆ?’ ಎಂಬುದು ಒಂದು ಪ್ರಶ್ನೆ. ‘ಎಷ್ಟು ಹೊತ್ತಾಯಿತು?’ ಎಂಬುದು ಇನ್ನೊಂದು. ಮೇಲುನೋಟಕ್ಕೆ ಎರಡೂ ಒಂದೇ ಎಂದು ತೋರಿದರೂ ಅವುಗಳ ಸ್ವಭಾವ ಬೇರೆ. ಮದುವೆಯ ಮುಹೂರ್ತಕ್ಕೆ ಬೇಕಾದುದು ಮೊದಲನೆಯದು. ಇಡ್ಲಿ ಬೇಯುವುದಕ್ಕೆ ಬೇಕಾದುದು ಎರಡನೆಯದು. ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದಿದ್ದರೂ ಇಡ್ಲಿಗೇನೂ ಬಾಧಕವಿಲ್ಲ. ಇಟ್ಟ ಹೊತ್ತನ್ನೂ ಇಳಿಸುವ ಹೊತ್ತನ್ನೂ ಅದೇ ಗಡಿಯಾರದಲ್ಲಿ ನೋಡಿದರೆ ಹತ್ತು ನಿಮಿಷದ ತಪ್ಪು ಎರಡು ಕಡೆಯೂ ಸೇರಿ, ಕಳೆಯುವಾಗ ಹೊಡೆದುಹೋಗುತ್ತದೆ. ಆದರೆ ಇಟ್ಟ ಹೊತ್ತನ್ನು ಅಡಿಗೆಮನೆಯ ಗಡಿಯಾರದಲ್ಲಿ ನೋಡಿ, ಇಳಿಸುವ ಹೊತ್ತನ್ನು ನಡುಮನೆಯ ಗಡಿಯಾರದಲ್ಲಿ ನೋಡಿದರೆ? ಆಗ ಇಡ್ಲಿಯ ಗತಿ ದೇವರೇ ಬಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ಹಿರಿಯರು ಅವಧಿಯನ್ನು ಅಳೆಯಲು ಗಳಿಗೆ ಬಟ್ಟಲನ್ನು ಬಳಸುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವಿರುವ ಲೋಹದ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಟ್ಟರೆ ನೀರು ಮೆಲ್ಲನೆ ಒಳನುಗ್ಗಿ ಬಟ್ಟಲು ಮುಳುಗುತ್ತಿತ್ತು. ಅದೇ ಒಂದು ಗಳಿಗೆ, ಎಂದರೆ ಈಗಿನ 24 ನಿಮಿಷ. ಹಗಲಿರುಳು ಸೇರಿ 60 ಗಳಿಗೆ. ಈ ಬಟ್ಟಲು ಬಹು ಸೊಗಸಾದ ಸಾಧನವೇ ಹೌದು. ಆದರೆ ಅದರಿಂದ ಐದು ನಿಮಿಷವನ್ನು ಅಳೆದು ಕೊಡೆಂದರೆ ಅದು ಏನು ಮಾಡೀತು? ನಾವು ಕೇಳುವ ಕ್ಷಣಕ್ಕೆ ಬಟ್ಟಲು ಮುಳುಗಿದ್ದರೆ ‘ಒಂದು ಗಳಿಗೆ’ ಎನ್ನುತ್ತದೆ, ಮುಳುಗದಿದ್ದರೆ ‘ಸೊನ್ನೆ’ ಎನ್ನುತ್ತದೆ. ಎರಡೂ ತಪ್ಪು.

ಕಂಪ್ಯೂಟರಿನ ಒಳಗೂ ಇಂಥದೇ ಬಟ್ಟಲಿದೆ, ಗಾತ್ರ ಮಾತ್ರ ಅತಿ ಕಿರಿದು. ವಿಂಡೋಸ್ ಕಂಪ್ಯೂಟರುಗಳ ಸಾಧಾರಣ ಗಡಿಯಾರ ಬಹುಕಾಲ ಸೆಕೆಂಡಿಗೆ 64 ಸಲ ಮಾತ್ರ ಮುಂದಕ್ಕೆ ಹೆಜ್ಜೆಯಿಡುತ್ತಿತ್ತು. ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರ ಒಂದು ಹೆಜ್ಜೆ 15 ಭಾಗಕ್ಕಿಂತ ಕೊಂಚ ಹೆಚ್ಚು. ಸಾವಿರದ ನಾಲ್ಕು ಭಾಗದಲ್ಲಿ ಮುಗಿಯುವ ಕೆಲಸವನ್ನು ಇದರಿಂದ ಅಳೆದರೆ ಕೆಲವು ಸಲ ‘ಸೊನ್ನೆ’ ಎಂಬ ಉತ್ತರ, ಕೆಲವು ಸಲ ‘ಹದಿನಾರು’ ಎಂಬ ಉತ್ತರ ಬರುತ್ತದೆ. ಉತ್ತರವನ್ನು ಮಾತ್ರ ಸಾವಿರದ ಭಾಗಗಳಲ್ಲೇ ಅಂದವಾಗಿ ಬರೆದು ತೋರಿಸಲಾಗುತ್ತದೆ. ಅಳತೆಕೋಲಿನ ಮೇಲೆ ಗೆರೆಗಳನ್ನು ಹತ್ತಿರ ಹತ್ತಿರ ಎಳೆದ ಮಾತ್ರಕ್ಕೆ ಕೋಲು ನಿಖರವಾಗುವುದಿಲ್ಲ ಎಂಬುದು ಇದರಿಂದ ಕಲಿಯಬೇಕಾದ ಮೊದಲ ಪಾಠ.

ಇದಕ್ಕೆ ಉಪಾಯವೂ ಉಂಟು. ಅದು ಯಾವ ಗೃಹಿಣಿಗೂ ತಿಳಿಯದುದಲ್ಲ. ಒಂದು ಸಾಸಿವೆ ಕಾಳಿನ ತೂಕ ಎಷ್ಟು ಎಂದು ಅಡಿಗೆಮನೆಯ ತಕ್ಕಡಿಯಲ್ಲಿ ತಿಳಿಯಲಾಗದು. ಆದರೆ ಸಾವಿರ ಕಾಳನ್ನು ಎಣಿಸಿ ತೂಗಿ, ಬಂದುದನ್ನು ಸಾವಿರದಿಂದ ಭಾಗಿಸಿದರೆ ತಿಳಿಯುತ್ತದೆ. ಹಾಗೆಯೇ ಕಂಪ್ಯೂಟರಿನ ಕೆಲಸವನ್ನೂ ಒಂದು ಸಲವಲ್ಲ, ಸಾವಿರ ಸಲ ಮಾಡಿಸಿ ಒಟ್ಟು ಅವಧಿಯನ್ನು ಭಾಗಿಸುತ್ತಾರೆ. ಜೊತೆಗೆ, ಏನೂ ಕೆಲಸ ಕೊಡದೆ ಟೈಮರನ್ನು ಆರಂಭಿಸಿ ಕೂಡಲೆ ನಿಲ್ಲಿಸಿ, ಗಡಿಯಾರವನ್ನು ನೋಡುವುದಕ್ಕೇ ಎಷ್ಟು ಹೊತ್ತು ಹಿಡಿಯಿತೆಂದು ಅಳೆದು ಅದನ್ನೂ ಕಳೆಯುತ್ತಾರೆ. ಬರಿಯ ಡಬ್ಬಿಯನ್ನು ಮೊದಲು ತೂಗಿ, ಆಮೇಲೆ ತುಪ್ಪ ಸುರಿದು ತೂಗುವಂತೆ.

ಹರಳಿನ ಹೃದಯ

ಈ ಪುಟ್ಟ ಗಡಿಯಾರಗಳ ಹೃದಯವೆಂದರೆ ಒಂದು ಸ್ಫಟಿಕದ ಹರಳು. ಕೈಗಡಿಯಾರದಲ್ಲಿರುವ ಹರಳು ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಅದನ್ನು ಕತ್ತರಿಸಿರುತ್ತಾರೆ. ಈ ವಿಚಿತ್ರ ಸಂಖ್ಯೆಯನ್ನು ಆರಿಸಿಕೊಂಡುದು ಸುಮ್ಮನೆ ಅಲ್ಲ. ಇದನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಕೊನೆಗೆ ಸರಿಯಾಗಿ ಒಂದು ಉಳಿಯುತ್ತದೆ. ಅರ್ಧ ಮಾಡುವುದು ವಿದ್ಯುತ್ ಯಂತ್ರಗಳಿಗೆ ಅತ್ಯಂತ ಸುಲಭವಾದ ಲೆಕ್ಕ.

ಆದರೆ ಹರಳಿಗೂ ತನ್ನದೇ ಆದ ಸುಖದುಃಖಗಳಿವೆ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಕೈಗಡಿಯಾರದ ಹರಳು ಸುಖವಾಗಿರುತ್ತದೆ. ಅದಕ್ಕಿಂತ ಸೆಕೆಯಾದರೂ ಚಳಿಯಾದರೂ ನಿಧಾನವಾಗುತ್ತದೆ. ವಯಸ್ಸಾದಂತೆ ಅದರ ನಡಿಗೆ ಕೊಂಚ ಬದಲಾಗುವುದೂ ಉಂಟು. ಸಾಧಾರಣ ಹರಳು ಹತ್ತು ಲಕ್ಷ ಸೆಕೆಂಡಿಗೆ 20 ಸೆಕೆಂಡಿನಷ್ಟು ತಪ್ಪಬಹುದು ಎಂದು ತಯಾರಕರೇ ಹೇಳುತ್ತಾರೆ. ದಿನವೊಂದಕ್ಕೆ 86,400 ಸೆಕೆಂಡು. ಆದ್ದರಿಂದ ದಿನಕ್ಕೆ ಸುಮಾರು ಒಂದೂಮುಕ್ಕಾಲು ಸೆಕೆಂಡು, ತಿಂಗಳಿಗೆ ಸುಮಾರು 50 ಸೆಕೆಂಡು. ನಮ್ಮ ಬಸ್ಸು ರೈಲುಗಳ ಮಟ್ಟಿಗೆ ಇದು ಧಾರಾಳವಾಗಿ ಸಾಕು. ಆದರೆ ಎಲ್ಲ ಕೆಲಸಗಳೂ ಬಸ್ಸು ಹಿಡಿಯುವ ಕೆಲಸಗಳಲ್ಲ.

ಧಹ್ರಾನಿನ ಆ ರಾತ್ರಿ

1991ರ ಕೊಲ್ಲಿ ಯುದ್ಧದ ಸಮಯ. ಸೌದಿ ಅರೇಬಿಯದ ಧಹ್ರಾನಿನಲ್ಲಿ ಅಮೆರಿಕದ ಸೈನಿಕರು ಬೀಡುಬಿಟ್ಟಿದ್ದರು. ಇರಾಕ್ ದೇಶ ಹಾರಿಸುತ್ತಿದ್ದ ಸ್ಕಡ್ ಕ್ಷಿಪಣಿಗಳನ್ನು ಆಕಾಶದಲ್ಲಿಯೇ ತಡೆಯುವುದಕ್ಕಾಗಿ ಅಲ್ಲಿ ಪೇಟ್ರಿಯಟ್ ಎಂಬ ರಕ್ಷಣಾ ಯಂತ್ರಗಳನ್ನು ನಿಲ್ಲಿಸಲಾಗಿತ್ತು. ಫೆಬ್ರುವರಿ 25ರ ರಾತ್ರಿ ಒಂದು ಸ್ಕಡ್ ಹಾರಿಬಂದಿತು. ಪೇಟ್ರಿಯಟ್ ಅದನ್ನು ತಡೆಯಲಿಲ್ಲ. ತಡೆಯುವ ಪ್ರಯತ್ನವನ್ನೇ ಮಾಡಲಿಲ್ಲ. ಕ್ಷಿಪಣಿ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಬಿದ್ದು 28 ಮಂದಿ ಮಡಿದರು. ಗಾಯಗೊಂಡವರು ನೂರರ ಸಮೀಪ.

ಯಂತ್ರ ಕೆಟ್ಟಿರಲಿಲ್ಲ, ಸಿಬ್ಬಂದಿ ನಿದ್ರಿಸುತ್ತಿರಲಿಲ್ಲ. ಹಾಗಾದರೆ ಏನಾಯಿತು? ಅಮೆರಿಕದ ಸರ್ಕಾರೀ ಲೆಕ್ಕಪರಿಶೋಧನ ಕಚೇರಿ ವಿಚಾರಣೆ ನಡೆಸಿ 1992ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. ತಪ್ಪು ಇದ್ದುದು ಕಂಪ್ಯೂಟರಿನ ಕಾಲಗಣನೆಯಲ್ಲಿ.

ಪೇಟ್ರಿಯಟ್ಟಿನ ರಾಡಾರು ಒಂದು ವಸ್ತುವನ್ನು ಒಮ್ಮೆ ಕಂಡಮೇಲೆ, ಅದರ ವೇಗವನ್ನೂ ಕಂಡ ಹೊತ್ತನ್ನೂ ಲೆಕ್ಕ ಹಾಕಿ, ‘ಮುಂದಿನ ಸಲ ಅದು ಇಂಥ ಜಾಗದಲ್ಲಿ ಇರಬೇಕು’ ಎಂದು ಆಕಾಶದಲ್ಲಿ ಒಂದು ಕಿಟಕಿಯನ್ನು ಗುರುತು ಮಾಡುತ್ತದೆ. ಆ ಕಿಟಕಿಯಲ್ಲಿ ವಸ್ತು ಮತ್ತೆ ಕಂಡರೆ ಅದು ಕ್ಷಿಪಣಿ. ಕಾಣದಿದ್ದರೆ ಮೊದಲು ಕಂಡುದು ಏನೋ ಭ್ರಮೆ ಎಂದು ಬಿಟ್ಟುಬಿಡುತ್ತದೆ. ಕಿಟಕಿಯನ್ನು ಸರಿಯಾದ ಜಾಗದಲ್ಲಿ ತೆರೆಯಬೇಕಾದರೆ ಕಳೆದ ಅವಧಿಯ ಲೆಕ್ಕ ಸರಿಯಾಗಿರಬೇಕು. ಸ್ಕಡ್ ಕ್ಷಿಪಣಿಯಾದರೋ ಒಂದು ಸೆಕೆಂಡಿನಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಸಾಗುವಂಥದು.

ಆ ಕಂಪ್ಯೂಟರು ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಎಣಿಕೆ ಸರಿಯಾಗಿಯೇ ಇತ್ತು. ಅದನ್ನು ಸೆಕೆಂಡಿಗೆ ತರುವುದಕ್ಕಾಗಿ ಹತ್ತನೆಯ ಒಂದರಿಂದ ಗುಣಿಸಬೇಕಾಗಿತ್ತು. ಹತ್ತನೆಯ ಒಂದು! ಶಾಲೆಯ ಮಕ್ಕಳಿಗೂ ಸುಲಭವಾದ ಈ ಭಿನ್ನರಾಶಿಯೇ ಕಂಪ್ಯೂಟರಿಗೆ ಕಂಟಕವಾಯಿತು.

ಅದು ಹೇಗೆಂಬುದನ್ನು ತಿಳಿಯಲು ನಮ್ಮ ಹಳೆಯ ಹದಿನಾರಾಣೆಯ ರೂಪಾಯಿಯನ್ನು ನೆನೆದರೆ ಸಾಕು. 1957ಕ್ಕೆ ಮುಂಚೆ ರೂಪಾಯಿಯ ಅರ್ಧ ಎಂಟಾಣೆ, ಅದರ ಅರ್ಧ ನಾಲ್ಕಾಣೆ, ಮತ್ತೆ ಅರ್ಧ ಎರಡಾಣೆ, ಮತ್ತೆ ಒಂದಾಣೆ. ಅದಕ್ಕೂ ಹಿಂದಿನ ಶಾನುಭೋಗರ ಲೆಕ್ಕದ ‘ವೀಸ’ ಎಂಬುದೂ ಹದಿನಾರನೆಯ ಒಂದು ಭಾಗವೇ. ಕಂಪ್ಯೂಟರು ಈ ವಿಷಯದಲ್ಲಿ ಹಳೆಯ ಶಾನುಭೋಗರ ಶಿಷ್ಯ: ಅರ್ಧ, ಕಾಲು, ಅರೆಕಾಲು, ವೀಸ, ಅರೆವೀಸ ಎಂದು ಅರ್ಧರ್ಧ ಮಾಡುತ್ತ ಹೋಗುವುದಷ್ಟೇ ಅದಕ್ಕೆ ಗೊತ್ತು. ಈಗ ಒಂದು ರೂಪಾಯಿಯನ್ನು ಹತ್ತು ಮಂದಿಗೆ ಹಂಚು ಎಂದರೆ? ತಲೆಗೆ ಒಂದಾಣೆ ಕೊಟ್ಟರೆ ಕಡಿಮೆ. ಅರ್ಧಾಣೆ ಸೇರಿಸಿ ಒಂದೂವರೆ ಆಣೆ ಕೊಟ್ಟರೂ ಕಡಿಮೆ. ಕಾಲಾಣೆ ಸೇರಿಸಿದರೆ ಹೆಚ್ಚಾಗುತ್ತದೆ. ಆಣೆಯ ಹದಿನಾರನೆಯ ಒಂದನ್ನು ಸೇರಿಸಿ, ಮೂವತ್ತೆರಡನೆಯ ಒಂದನ್ನು ಸೇರಿಸಿ, ಹೀಗೆ ಯುಗಾಂತರದವರೆಗೆ ಸೇರಿಸುತ್ತ ಹೋದರೂ ಲೆಕ್ಕ ಹತ್ತಿರ ಹತ್ತಿರ ಬರುತ್ತದೆಯೇ ಹೊರತು ಮುಟ್ಟುವುದಿಲ್ಲ. ಎಲ್ಲಿಯಾದರೂ ಒಂದು ಕಡೆ ‘ಸಾಕು’ ಎಂದು ನಿಲ್ಲಿಸಲೇಬೇಕು.

ಪೇಟ್ರಿಯಟ್ಟಿನ ಕಂಪ್ಯೂಟರಿನಲ್ಲಿ ಈ ಲೆಕ್ಕಕ್ಕೆ 24 ಮನೆಗಳಷ್ಟೇ ಜಾಗವಿತ್ತು. ಆದುದರಿಂದ ಅದರ ಹತ್ತನೆಯ ಒಂದು ನಿಜವಾದ ಹತ್ತನೆಯ ಒಂದಕ್ಕಿಂತ ಒಂದಿಷ್ಟು ಕಡಿಮೆಯಾಗಿದ್ದಿತು. ಎಷ್ಟು ಕಡಿಮೆ? ಒಂದು ಸೆಕೆಂಡನ್ನು ಒಂದು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೂ ಪೂರ್ತಿ ಇಲ್ಲ. ಇಷ್ಟು ಅಲ್ಪವಾದುದನ್ನು ಯಾರು ಲಕ್ಷಿಸಿಯಾರು? ಆದರೆ ‘ಹನಿ ಹನಿ ಗೂಡಿದರೆ ಹಳ್ಳ’ ಎಂಬ ಗಾದೆ ತಪ್ಪಿಗೂ ಅನ್ವಯಿಸುತ್ತದೆ. ಆ ಯಂತ್ರವನ್ನು ನೂರು ಗಂಟೆಗೂ ಮೀರಿ ನಿಲ್ಲಿಸದೆ ನಡೆಸಲಾಗಿತ್ತು. ನೂರು ಗಂಟೆಯೆಂದರೆ ಸೆಕೆಂಡಿನ ಹತ್ತನೆಯ ಭಾಗಗಳು 36 ಲಕ್ಷ. ಪ್ರತಿಯೊಂದರಲ್ಲೂ ಆ ಹನಿ ಸೇರಿ ಸೇರಿ, ಒಟ್ಟು ತಪ್ಪು 0.34 ಸೆಕೆಂಡಿಗೆ ಬೆಳೆಯಿತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಮಿಕ್ಕು ಸಾಗಿಬಿಡುತ್ತದೆ. ಯಂತ್ರ ಕಿಟಕಿ ತೆರೆದು ನೋಡಿತು, ಕ್ಷಿಪಣಿ ಅಲ್ಲಿರಲಿಲ್ಲ. ಎಲ್ಲ ಭ್ರಮೆ ಎಂದು ಸುಮ್ಮನಾಯಿತು.

ಇಲ್ಲಿ ಜಾಣ ಓದುಗರು ಒಂದು ಆಕ್ಷೇಪ ಎತ್ತಬಹುದು. ‘ಇಡ್ಲಿಯ ಉದಾಹರಣೆಯಲ್ಲಿ, ಒಂದೇ ಗಡಿಯಾರವನ್ನು ಎರಡು ಸಲ ನೋಡಿದರೆ ತಪ್ಪು ಹೊಡೆದುಹೋಗುತ್ತದೆ ಎಂದಿರಲ್ಲ; ಇಲ್ಲೇಕೆ ಹೋಗಲಿಲ್ಲ?’ ಎಂದು. ಸರಿಯಾದ ಪ್ರಶ್ನೆ. ಹಿಂದೆ ಕಾಲವನ್ನು ಇನ್ನೂ ನಿಖರವಾಗಿ ಪರಿವರ್ತಿಸುವ ಉತ್ತಮ ವಿಧಾನವೊಂದನ್ನು ಆ ಕಂಪ್ಯೂಟರಿಗೆ ಕಲಿಸಿದ್ದರು. ಆದರೆ ಅದನ್ನು ಬೇಕಾದ ಎಲ್ಲ ಕಡೆಯೂ ಅಳವಡಿಸಿರಲಿಲ್ಲ. ಕೆಲವು ಕಡೆ ಹೊಸ ಲೆಕ್ಕ, ಕೆಲವು ಕಡೆ ಹಳೆಯ ಲೆಕ್ಕ ಉಳಿದವು. ಒಂದು ಹೊತ್ತನ್ನು ಅಡಿಗೆಮನೆಯ ಗಡಿಯಾರದಲ್ಲಿಯೂ ಇನ್ನೊಂದನ್ನು ನಡುಮನೆಯ ಗಡಿಯಾರದಲ್ಲಿಯೂ ನೋಡಿದಂತಾಯಿತು. ಅರ್ಧ ಮಾಡಿದ ಸುಧಾರಣೆ ಮಾಡದೆ ಇದ್ದುದಕ್ಕಿಂತ ಕೆಟ್ಟ ಫಲವನ್ನು ಕೊಟ್ಟಿತು.

ತಡವಾಗಿ ಬಂದ ಔಷಧ

ಈ ದುರಂತದಲ್ಲಿ ಮನಸ್ಸಿಗೆ ಹೆಚ್ಚು ನೋವುಂಟುಮಾಡುವ ಸಂಗತಿ ಇನ್ನೊಂದಿದೆ. ತಪ್ಪು ಮೊದಲೇ ತಿಳಿದಿತ್ತು. ಇಸ್ರೇಲಿನವರು ತಮ್ಮಲ್ಲಿದ್ದ ಪೇಟ್ರಿಯಟ್ ಯಂತ್ರಗಳನ್ನು ಪರೀಕ್ಷಿಸಿ, ಎಂಟು ಗಂಟೆ ಸತತವಾಗಿ ನಡೆಸಿದರೆ ಆ ಕಿಟಕಿ ನೂರಕ್ಕೆ ಇಪ್ಪತ್ತರಷ್ಟು ಜರುಗುತ್ತದೆ ಎಂಬ ಅಂಶವನ್ನು ಫೆಬ್ರುವರಿ 11ರಂದೇ ಅಮೆರಿಕದವರಿಗೆ ತಿಳಿಸಿದ್ದರು. ಇದೇ ಲೆಕ್ಕದಲ್ಲಿ ಇಪ್ಪತ್ತು ಗಂಟೆಯಾದರೆ ಯಂತ್ರ ಕುರುಡಾಗುತ್ತದೆ. ಆದರೆ ಅಷ್ಟು ಹೊತ್ತು ಒಂದೇ ಸಮನೆ ಯಾರು ನಡೆಸುತ್ತಾರೆ ಎಂದು ಅಧಿಕಾರಿಗಳು ಭಾವಿಸಿದರು. ಫೆಬ್ರುವರಿ 16ರಂದು ತಿದ್ದಿದ ಪ್ರೋಗ್ರಾಮು ಸಿದ್ಧವಾಯಿತು. 21ರಂದು, ‘ಬಹಳ ದೀರ್ಘಕಾಲ’ ನಡೆಸಿದರೆ ಕಿಟಕಿ ಜರುಗಬಹುದು ಎಂಬ ಸೂಚನೆಯೊಂದು ಹೊರಟಿತು. ‘ಬಹಳ ದೀರ್ಘಕಾಲ’ ಎಂದರೆ ಎಷ್ಟು ಗಂಟೆ? ಅದನ್ನು ಮಾತ್ರ ಯಾರೂ ಬರೆಯಲಿಲ್ಲ!

ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಿದ್ದರೆ ಎಣಿಕೆ ಸೊನ್ನೆಯಿಂದ ಹೊರಟು ತಪ್ಪು ತೊಡೆದುಹೋಗುತ್ತಿತ್ತು. ಅದಕ್ಕೆ ಬೇಕಾಗಿದ್ದುದು ಒಂದು, ಹೆಚ್ಚೆಂದರೆ ಒಂದೂವರೆ ನಿಮಿಷ. ತಿದ್ದಿದ ಪ್ರೋಗ್ರಾಮು ಧಹ್ರಾನನ್ನು ತಲಪಿದ್ದು ಫೆಬ್ರುವರಿ 26ರಂದು, ದುರಂತದ ಮರುದಿನ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಈ ಯಂತ್ರವನ್ನು ಯಾರೂ ಪರೀಕ್ಷಿಸಿರಲಿಲ್ಲವೆ? ಪರೀಕ್ಷಿಸಿದ್ದರು. ಆದರೆ ಪೇಟ್ರಿಯಟ್ಟನ್ನು ಮೊದಲು ಕಲ್ಪಿಸಿದ್ದು ವಿಮಾನಗಳನ್ನು ತಡೆಯುವುದಕ್ಕೆ. ಒಂದು ಜಾಗದಲ್ಲಿ ಕೆಲವೇ ಗಂಟೆ ನಿಂತು, ಶತ್ರುವಿಗೆ ಸುಳಿವು ಸಿಗದಂತೆ ಮುಂದಕ್ಕೆ ಹೋಗಬೇಕೆಂಬುದು ಯೋಜನೆ. ಕೆಲವು ಗಂಟೆಗಳ ಕೆಲಸದಲ್ಲಿ ಈ ದೋಷ ಕಣ್ಣಿಗೆ ಬೀಳುವಷ್ಟು ಬೆಳೆಯುತ್ತಲೇ ಇರಲಿಲ್ಲ. ಯಂತ್ರವನ್ನು ಹೇಗೆ ಬಳಸುತ್ತೇವೆಯೋ ಹಾಗೆಯೇ, ಎಷ್ಟು ಹೊತ್ತು ಬಳಸುತ್ತೇವೆಯೋ ಅಷ್ಟು ಹೊತ್ತು ಪರೀಕ್ಷಿಸಬೇಕು ಎಂಬ ಎರಡನೆಯ ಪಾಠವನ್ನು 28 ಮನೆಗಳವರು ಬಹು ದುಬಾರಿ ಬೆಲೆ ತೆತ್ತು ಲೋಕಕ್ಕೆ ಕಲಿಸಿದರು.

ಎಣಿಕೆ ಮುಗಿದುಹೋದರೆ?

ಪಾಠವನ್ನು ಲೋಕ ಪೂರ್ತಿಯಾಗಿ ಕಲಿಯಿತೆಂದು ಹೇಳುವಂತಿಲ್ಲ. ಕಂಪ್ಯೂಟರಿನ ಎಣಿಕೆಗೆ ಇರುವ ಜಾಗ ಮಿತವಾದುದು. ಸೆಕೆಂಡಿನ ಸಾವಿರದ ಭಾಗಗಳನ್ನು 32 ಮನೆಗಳಲ್ಲಿ ಎಣಿಸಿದರೆ 49 ದಿನ 17 ಗಂಟೆಗೆ ಜಾಗ ತುಂಬಿಹೋಗುತ್ತದೆ. 2004ರ ಸೆಪ್ಟೆಂಬರ್ 14ರಂದು ಅಮೆರಿಕದ ಲಾಸ್ ಏಂಜಲಿಸ್ ಪ್ರದೇಶದ ವಿಮಾನ ಸಂಚಾರ ನಿಯಂತ್ರಣ ಕೇಂದ್ರದಲ್ಲಿ ಹೀಗೆಯೇ ಆಯಿತು. ವಿಮಾನ ಚಾಲಕರೊಡನೆ ಮಾತನಾಡುವ ವ್ಯವಸ್ಥೆ ಹಠಾತ್ತನೆ ಮೂಕವಾಯಿತು. ಅದನ್ನು ತಿಂಗಳಿಗೊಮ್ಮೆ ನಿಲ್ಲಿಸಿ ಪುನಃ ಆರಂಭಿಸಬೇಕೆಂಬ ನಿಯಮವಿದ್ದಿತು. ಆ ಸಲ ಅದು ಪಾಲನೆಯಾಗಿರಲಿಲ್ಲ. ನೂರಾರು ವಿಮಾನಗಳು ಆಕಾಶದಲ್ಲಿ ದಿಕ್ಕು ಕೇಳುವವರಿಲ್ಲದೆ ಹಾರುತ್ತಿದ್ದವು. ಕೆಲವು ಅಪಾಯಕರವಾಗಿ ಸಮೀಪಿಸಿದುವು. ಪುಣ್ಯವಶಾತ್ ಢಿಕ್ಕಿಯೊಂದೂ ಸಂಭವಿಸಲಿಲ್ಲ.

2015ರಲ್ಲಿ ಬೋಯಿಂಗ್ 787 ವಿಮಾನದ ವಿದ್ಯುಜ್ಜನಕಗಳ ನಿಯಂತ್ರಣ ಭಾಗದಲ್ಲಿಯೂ ಇಂಥದೇ ದೋಷ ಪರೀಕ್ಷೆಯ ವೇಳೆ ಕಂಡುಬಂದಿತು. 248 ದಿನ ಸತತವಾಗಿ ವಿದ್ಯುತ್ತು ಹರಿದರೆ ಎಣಿಕೆ ತುಂಬಿ, ವಿದ್ಯುಜ್ಜನಕಗಳು ತಾವಾಗಿಯೇ ಕೆಲಸ ನಿಲ್ಲಿಸುವ ಸಂಭವವಿತ್ತು. ಅಷ್ಟು ದಿನ ಕಾಯದೆ ನಡುವೆ ಆರಿಸಿ ಹೊತ್ತಿಸಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆ ಆಜ್ಞೆ ಹೊರಡಿಸಿತು. ಈ ಸಲ ದೋಷ ಕಂಡುದು ಆಕಾಶದಲ್ಲಲ್ಲ, ಪರೀಕ್ಷೆಯಲ್ಲಿ. ಪರೀಕ್ಷೆಯ ಬೆಲೆ ಇದೇ.

ಕಾಲ ಹಿಂದಕ್ಕೆ ಓಡಿದ ಪ್ರಸಂಗವೂ ಒಂದುಂಟು. ಭೂಮಿಯ ತಿರುಗುವಿಕೆಗೆ ಹೊಂದಿಸುವುದಕ್ಕಾಗಿ ಜಗತ್ತಿನ ಗಡಿಯಾರಗಳಿಗೆ ಆಗಾಗ ಒಂದು ಅಧಿಕ ಸೆಕೆಂಡನ್ನು ಸೇರಿಸುವ ಪದ್ಧತಿಯಿದೆ. ನಮ್ಮ ಪಂಚಾಂಗದ ಅಧಿಕಮಾಸದಂತೆ. 2016ರ ಕೊನೆಯಲ್ಲಿ, ನಮ್ಮ ಲೆಕ್ಕದಲ್ಲಿ 2017ರ ಜನವರಿ 1ರ ಬೆಳಗಿನ 5-30ಕ್ಕೆ, ಹೀಗೊಂದು ಸೆಕೆಂಡು ಸೇರಿತು. ಆಗ ಕ್ಲೌಡ್‌ಫ್ಲೇರ್ ಎಂಬ ಅಂತರ್ಜಾಲ ಸಂಸ್ಥೆಯ ಕೆಲವು ಕಂಪ್ಯೂಟರುಗಳು ಒಂದು ಅವಧಿಯನ್ನು ಅಳೆದು, ಅದು ಸೊನ್ನೆಗಿಂತಲೂ ಕಡಿಮೆ ಎಂಬ ಉತ್ತರ ಪಡೆದು, ದಿಕ್ಕೆಟ್ಟು ನಿಂತವು. ಅವಧಿಯನ್ನು ಅಳೆಯುವುದಕ್ಕೆ ‘ಎಷ್ಟು ಗಂಟೆ’ ಹೇಳುವ ಗಡಿಯಾರವನ್ನು ಬಳಸಿದ್ದೇ ಅಲ್ಲಿನ ದೋಷ. ಆ ಗಡಿಯಾರದ ಮುಳ್ಳನ್ನು ಆಗಾಗ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಸರಿಪಡಿಸುತ್ತಿರುತ್ತಾರೆ. ಓಟದ ಪಂದ್ಯ ನಡೆಯುತ್ತಿರುವಾಗ ಯಾರೋ ಮುಳ್ಳು ತಿರುಗಿಸಿದರೆ ಓಟಗಾರ ಹೊರಡುವುದಕ್ಕೆ ಮುಂಚೆಯೇ ಗುರಿ ಮುಟ್ಟಿದಂತೆ ಕಂಡರೆ ಆಶ್ಚರ್ಯವೇನು? ಅವಧಿಗೆ ಬೇಕಾದುದು ಎಂದೂ ಹಿಂದಕ್ಕೆ ಸರಿಯದೆ ಒಂದೇ ಸಮನೆ ಮುಂದಕ್ಕೆ ಎಣಿಸುವ ಬೇರೊಂದು ಗಡಿಯಾರ. ಅದೂ ಕಂಪ್ಯೂಟರಿನೊಳಗೇ ಇದೆ, ಕೇಳಿ ಪಡೆಯಬೇಕಷ್ಟೆ.

ಒರೆಗಲ್ಲು ಎಲ್ಲಿದೆ?

ಚಿನ್ನವನ್ನು ಒರೆಗೆ ಹಚ್ಚಲು ಕಲ್ಲು ಬೇಕು. ಗಡಿಯಾರವನ್ನು ಪರೀಕ್ಷಿಸಲು ಅದಕ್ಕಿಂತ ಉತ್ತಮವಾದ ಗಡಿಯಾರ ಬೇಕು. ಆ ಉತ್ತಮ ಗಡಿಯಾರವನ್ನು ಇನ್ನೂ ಉತ್ತಮವಾದುದರೊಡನೆ ತಾಳೆ ನೋಡಬೇಕು. ಈ ಸರಪಣಿ ಕೊನೆಗೊಳ್ಳುವುದು ಸೀಸಿಯಂ ಪರಮಾಣುವಿನಲ್ಲಿ. ಅದರ 9,19,26,31,770 ಆಂದೋಲನಗಳ ಕಾಲವೇ ಒಂದು ಸೆಕೆಂಡು ಎಂದು 1967ರಲ್ಲಿ ಜಗತ್ತು ಒಪ್ಪಿತು. ನಮ್ಮ ದೇಶದ ಅಧಿಕೃತ ಸಮಯವನ್ನು ಇಂಥ ಪರಮಾಣು ಗಡಿಯಾರಗಳ ನೆರವಿನಿಂದ ಕಾಪಾಡುತ್ತಿರುವುದು ಹೊಸದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ.

ಆಕಾಶದಲ್ಲಿಯೂ ನಮ್ಮ ಗಡಿಯಾರಗಳಿವೆ. ದಾರಿ ತೋರುವ ಉಪಗ್ರಹಗಳೆಂದರೆ ನಿಜವಾಗಿ ಹಾರುವ ಗಡಿಯಾರಗಳೇ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ದಾರಿ 300 ಮೀಟರು ತಪ್ಪುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಸಂಸ್ಥೆ 2013ರಲ್ಲಿ ಹಾರಿಸಿದ ಮೊದಲ ನಾವಿಕ್ ಉಪಗ್ರಹದಲ್ಲಿ ಹೊರದೇಶದಿಂದ ತಂದ ಮೂರು ರುಬಿಡಿಯಂ ಗಡಿಯಾರಗಳಿದ್ದುವು. ಮೂರೂ ಒಂದೊಂದಾಗಿ ನಿಂತುಹೋದವು. ಉಪಗ್ರಹದ ಉಳಿದ ಅಂಗಗಳು ಗಟ್ಟಿಯಾಗಿದ್ದರೂ ದಾರಿ ತೋರುವ ಕೆಲಸಕ್ಕೆ ಅದು ನಿರುಪಯುಕ್ತವಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಸ್ವದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವನ್ನು ಇಸ್ರೋ ಮೊದಲ ಬಾರಿಗೆ ಕಳುಹಿಸಿತು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಶಾಲೆಗೆ ಹೋಗುವ ಮಕ್ಕಳಿದ್ದ ಮನೆಯಲ್ಲಿ ಈ ಪರೀಕ್ಷೆಯನ್ನು ರಜೆಯ ದಿನ ಮಾಡಿ ನೋಡಬಹುದು. ಒಂದು ಮೊಬೈಲಿನಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯವನ್ನು ತೆರೆದಿಡಿ. ಇನ್ನೊಂದರ ಸ್ಟಾಪ್‌ವಾಚನ್ನು ಸರಿಯಾಗಿ ಬೆಳಿಗ್ಗೆ ಆರು ಗಂಟೆ ಸೊನ್ನೆ ಸೆಕೆಂಡಿಗೆ ಒತ್ತಿ. ಮಾರನೆಯ ದಿನ ಅದೇ ಕ್ಷಣಕ್ಕೆ ನಿಲ್ಲಿಸಿ. ಸರಿಯಾಗಿ 24 ಗಂಟೆ ಬಂದಿದೆಯೆ, ನೋಡಿ.

‘ಒಂದು ನಿಮಿಷ ಅಳೆದರೆ ಸಾಲದೆ, ಇಡೀ ದಿನವೇಕೆ?’ ಎಂದು ಮಕ್ಕಳು ಕೇಳುತ್ತಾರೆ. ಕಣ್ಣು ಕಂಡುದನ್ನು ಬೆರಳು ಮಾಡುವುದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಒಂದು ನಿಮಿಷದ ಪರೀಕ್ಷೆಯಲ್ಲಿ ಬೆರಳಿನ ತಪ್ಪೇ ದೊಡ್ಡದಾಗಿ, ಗಡಿಯಾರದ ತಪ್ಪು ಅದರಲ್ಲಿ ಮುಳುಗಿಹೋಗುತ್ತದೆ. ಒಂದು ದಿನದ ಪರೀಕ್ಷೆಯಲ್ಲಿ ಬೆರಳಿನ ತಪ್ಪು ಅಷ್ಟೇ ಇರುತ್ತದೆ, ಗಡಿಯಾರದ ತಪ್ಪು ಮಾತ್ರ ಬೆಳೆದು ಮೇಲಕ್ಕೆ ಬರುತ್ತದೆ. ಹಿಂದೆ ಆಕಾಶವಾಣಿಯ ‘ಬೀಪ್’ ಧ್ವನಿಗೆ ಕೈಗಡಿಯಾರ ಸರಿಪಡಿಸಿಕೊಂಡು, ಮರುದಿನ ಅದೇ ಧ್ವನಿಗೆ ತಾಳೆ ನೋಡುತ್ತಿದ್ದ ಹಿರಿಯರು ಮಾಡುತ್ತಿದ್ದುದು ಇದೇ ಪ್ರಯೋಗವನ್ನು.

ಪರೀಕ್ಷೆಯನ್ನು ಒಂದು ಸಲ ಮಾಡಿ ತೀರ್ಪು ಕೊಡಬಾರದು. ಮೂರು ನಾಲ್ಕು ದಿನ ಮಾಡಿ ಬರೆದಿಡಬೇಕು. ದಿನವೂ ಒಂದೂವರೆ ಸೆಕೆಂಡು ಮುಂದೆ ಹೋಗುವ ಗಡಿಯಾರ ಕೆಟ್ಟುದಲ್ಲ. ಪ್ರತಿದಿನವೂ ತಪ್ಪದೆ ಹತ್ತು ನಿಮಿಷ ತಡವಾಗಿ ಬರುವ ಹಾಲಿನವನನ್ನು ನಂಬಿ ಕಾಫಿಗೆ ನೀರಿಡಬಹುದು. ಒಂದು ದಿನ ಬೇಗ, ಒಂದು ದಿನ ತಡವಾಗಿ ಬರುವವನನ್ನು ನಂಬಲಾಗದು. ಹಡಗಿನ ಕಪ್ತಾನರು ತಮ್ಮ ಗಡಿಯಾರ ದಿನಕ್ಕೆಷ್ಟು ತಪ್ಪುತ್ತದೆಂದು ಬರೆದಿಟ್ಟುಕೊಂಡು, ಅದನ್ನು ಕಳೆದೋ ಕೂಡಿಸಿಯೋ ಸಾಗರಗಳನ್ನು ದಾಟಿದರು. ತಪ್ಪೇ ಇಲ್ಲದ ಗಡಿಯಾರ ಅವರಲ್ಲಿರಲಿಲ್ಲ. ತಪ್ಪು ಎಷ್ಟೆಂಬ ಅರಿವು ಇತ್ತು.

ಮೂರನೆಯ ಪಾಠವೂ ಇದೇ. ದೋಷವಿಲ್ಲದ ಅಳತೆ ಈ ಲೋಕದಲ್ಲಿಲ್ಲ; ಪರಮಾಣು ಗಡಿಯಾರಕ್ಕೂ ಅದರದೇ ಆದ ಒಂದಿಷ್ಟು ದೋಷ ಉಂಟು. ಅಪಾಯವಿರುವುದು ದೋಷದಲ್ಲಲ್ಲ, ಅದು ಎಷ್ಟೆಂದು ತಿಳಿಯದೆ ಇರುವುದರಲ್ಲಿ. ತಿಳಿದವರು ಅದನ್ನು ತಿಳಿಯಬೇಕಾದವರಿಗೆ, ತಿಳಿಯುವ ಮಾತಿನಲ್ಲಿ, ವೇಳೆಗೆ ಸರಿಯಾಗಿ ಹೇಳದಿರುವುದರಲ್ಲಿ. ಧಹ್ರಾನಿಗೆ ಹೋದ ಸೂಚನೆಯಲ್ಲಿ ‘ಬಹಳ ದೀರ್ಘಕಾಲ’ ಎಂಬ ಎರಡು ಪದಗಳಿಗೆ ಬದಲಾಗಿ ‘ಎಂಟು ಗಂಟೆ’ ಎಂದು ಬರೆದಿದ್ದರೆ, ಆ ರಾತ್ರಿ ಯಾರೋ ಒಬ್ಬ ಸಿಪಾಯಿ ಎದ್ದು ಒಂದೂವರೆ ನಿಮಿಷ ಯಂತ್ರವನ್ನು ನಿಲ್ಲಿಸಿ ಮತ್ತೆ ಹೊತ್ತಿಸುತ್ತಿದ್ದನೋ ಏನೋ.